ಸಾಹುಕಾರರ ಗಂಟಲಿನಿಂದ ನಾನು ಬೀಳಿಸಿದ ಸರ್ವರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಓದುವ ನಿಮಗೂ ಹಗುರ, ಬರೆಯುವ ನನಗೂ ಹಗುರ. ವಿಜಯಪುರ, ತಿಕೋಟಾ, ಬಬಲೇಶ್ವರ ಮೂರೂ ಕಡೆ ನಮ್ಮ ಕಂಪನಿ ಮನೆ, ಅಂಗಡಿಗಳಿಗೆ ಕೊಡುವ ಇಂಟರ್ನೆಟ್ ಒಂದು ಮಂಗಳವಾರ ಮುಂಜಾನೆ ನೆಲ ಹಿಡಿಯಿತಲ್ಲ, ಅದಕ್ಕೆ ಅರ್ಧ ಕಾರಣ ಭೂಮಿಯ ಮೇಲೆ ಎಲ್ಲೋ ಕೂತಿದ್ದ ಒಬ್ಬ ಕಿಡಿಗೇಡಿ. ಇನ್ನರ್ಧ ಕಾರಣ ನಾನು. ಎರಡರ್ಧಗಳಲ್ಲಿ ನನ್ನದೇ ದೊಡ್ಡದು. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ನನ್ನ ಹುಡುಗಾಟಿಕೆಯಿಂದ ರಜಿಯಾ ಆಪಾರ ಕೆಲಸ ಹೋಗುವುದರಲ್ಲಿತ್ತು. ಇಡೀ ಆಫೀಸಿನಲ್ಲಿ ಒಂದೂ ತಪ್ಪು ಮಾಡದವರು ಅವರೊಬ್ಬರೇ!

ನಿವೃತ್ತನ ನೆನಪು ಅಂದಕೂಡಲೇ ಬಿಳಿ ಮೀಸೆ, ಆರಾಮ ಕುರ್ಚಿ ಕಣ್ಣಿಗೆ ತಂದುಕೊಳ್ಳಬೇಡಿ. ನನಗಿನ್ನೂ ಮೂವತ್ತನಾಲ್ಕು. ಹನ್ನೊಂದು ವರ್ಷ ಸರ್ವರ್ ಕಾಯ್ದು, ಈಗ ಮದುವೆ, ಕಾಲೇಜು, ಗಣೇಶನ ಮಂಟಪ ಅಂತ ಮೈಕು ಹಿಡಿದು ಮಂದಿಯ ದನಿ ತೆಗೆದು ತೋರಿಸುತ್ತೇನೆ. ನಾನು ಬಿಟ್ಟ ಜಾಗಕ್ಕೆ ನೀವಿಬ್ಬರು ಹೊಸಬರು ಬಂದಿದ್ದೀರಿ. ಹೊರಡುವ ದಿನ ಆಪಾ ಒಂದು ನೋಟ್‌ಬುಕ್ ಕೈಗಿಟ್ಟು ಹೇಳಿದರು: “ಬಸ್ಯಾ, ಇಲ್ಲಿ ನೀ ಏನೇನ್ ಮಾಡಿದಿ ಎಲ್ಲಾ ಬರದಿಡು. ಹುಡುಗ್ರು ಓದಿ ಅದರ ಉಲ್ಟಾ ಮಾಡ್ಲಿ.”

ಹಾಗಾಗಿ ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಕೇಳಬೇಡಿ. ಎರಡು ಸಲ ಬಡ್ತಿ ಆಯಿತು, ಎರಡು ಸಲವೂ ಕುರ್ಚಿ ಮಾತ್ರ ಬದಲಾಯಿತು. ಎರಡನೆಯದರ ಒಂದು ಗಾಲಿ ಮೊದಲ ದಿನವೇ ಕಳಚಿತು.

ನಮ್ಮ ಆಫೀಸು ನಿಮಗೆ ಗೊತ್ತೇ ಇದೆ. ಗೋಳಗುಮ್ಮಟದ ಹತ್ತಿರದ ಓಣಿಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಒಂದು ಸರ್ವರ್ ಅಲ್ಲಿ. ಅದರ ಜೋಡಿ ಇನ್ನೊಂದು ಬಬಲೇಶ್ವರದ ಟವರ್ ಕೋಣೆಯಲ್ಲಿ. ನಾನು ಸೇರಿದಾಗ ಇದ್ದವರು ಮೂರೇ ಮಂದಿ: ಮಾಲೀಕರು, ಅಂದರೆ ಸಾಹುಕಾರರು, ಸರ್ವರ್ ನೋಡಿಕೊಳ್ಳುತ್ತಿದ್ದ ರಜಿಯಾ ಆಪಾ, ಆಮೇಲೆ ಉಳಿದದ್ದೆಲ್ಲ ನಾನು. ದೂರು ಹೇಳಲು ಫೋನ್ ಮಾಡಿದವರಿಗೆ ಕಂಪನಿ ದೊಡ್ಡದು ಅನ್ನಿಸಬೇಕಲ್ಲ? ಮೊದಲು ಮೆತ್ತಗಿನ ದನಿಯಲ್ಲಿ “ಒಂದು ನಿಮಿಷ ಲೈನಿನಲ್ಲಿರಿ” ಅನ್ನುತ್ತಿದ್ದೆ. ಆಮೇಲೆ ಒರಟು ದನಿಯಲ್ಲಿ ಟೆಕ್ನಿಕಲ್ ವಿಭಾಗ ಆಗುತ್ತಿದ್ದೆ. ಅದಕ್ಕೂ ಬಗ್ಗದಿದ್ದರೆ ಮೂಗಿನಿಂದ ಮ್ಯಾನೇಜರ್. ಮೂರೂ ವಿಭಾಗ ಸೇರಿ ಸಂಬಳ ಒಂದೇ.

ಸಾಹುಕಾರರದು ಒಂದು ಪದ್ಧತಿ. ಯಾವ ಆದೇಶವನ್ನೂ ಬರೆದು ಕೊಡುತ್ತಿರಲಿಲ್ಲ. ಆಫೀಸಿನ ಮೇಜಿನ ಮೇಲೆ ಒಂದು ಹಳೆಯ ಫೋನು, ಯಾರ ನಂಬರಿನಿಂದ ಕರೆ ಬಂತು ಎಂದು ತೋರಿಸುವ ಚಾಳಿ ಅದಕ್ಕಿರಲಿಲ್ಲ. ಅದು ಗಂಟೆ ಬಾರಿಸಿತು, ಎತ್ತಿದಿರಿ, “ಹ್ಞಾಂ, ಕೇಳಿಲ್ಲೆ” ಅನ್ನುವ ದಪ್ಪ ದನಿ ಬಂತು ಅಂದರೆ ಅದೇ ಹುಕುಂ. ಸರ್ವರನ್ನು ಒಂದು ನಿಮಿಷ ನಿಲ್ಲಿಸಬೇಕೆಂದರೂ ಆ ದನಿ ಹೂಂ ಅನ್ನಬೇಕು. ಒಮ್ಮೆ ಆಪಾ, “ಒಂದು ರಜಿಸ್ಟರ್ ಇಡೂಣ್ರಿ, ನೀವು ಹೇಳಿದ್ದು ಅದರಾಗ ಬರಕೊಂಡು ಸಹಿ ತಗೊಳ್ತೀನಿ” ಅಂದಾಗ ಅವರಿಗೆ ಅವಮಾನವೇ ಆಗಿಬಿಟ್ಟಿತು. “ನನ್ನ ದನೀನ ನನ್ನ ಸಹಿ, ತಂಗೀ” ಅಂದರು.

ದನಿಯನ್ನೇ ಸಹಿ ಮಾಡಿಕೊಂಡ ಆಫೀಸಿನಲ್ಲಿ ದನಿ ತೆಗೆಯುವವನನ್ನು ಕೆಲಸಕ್ಕಿಟ್ಟುಕೊಂಡಿದ್ದರು ನೋಡಿ!

ಇನ್ನು ಕೆಲಸದ ವಿಷಯ. ಹೆಸರಿನ ಸರ್ವರ್ ಅಂದರೇನು? ತಿಕೋಟಾ ಬಸ್ ನಿಲ್ದಾಣದ ಎದುರಿನ ಪಾನಂಗಡಿಯವನನ್ನು ನೆನೆಸಿಕೊಳ್ಳಿ. ಬಸ್ಸಿಳಿದವರು ಯಾರ ಹೆಸರು ಹೇಳಿದರೂ, “ಎಡಕ್ಕ ಹೋಗ್ರಿ, ಮೂರನೇ ಮನಿ” ಅನ್ನುತ್ತಾನೆ. ನೀವು ಫೋನಿನಲ್ಲಿ ಒಂದು ವೆಬ್‌ಸೈಟಿನ ಹೆಸರು ಒತ್ತಿದಾಗ, ಅದರ ನಂಬರು ಹುಡುಕಿ ಹೇಳುವುದು ನಮ್ಮ ಸರ್ವರಿನ ಕೆಲಸ. ತನಗೆ ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ ಬಂದು ಹೇಳುತ್ತದೆ. ಪಾನಂಗಡಿಯವ ತಲೆಸುತ್ತಿ ಬಿದ್ದನೆಂದುಕೊಳ್ಳಿ. ರಸ್ತೆ ಸರಿ ಇದೆ, ಮನೆ ಸರಿ ಇದೆ, ಮನೆಯೊಳಗೆ ನೆಂಟರು ಕಾಯುತ್ತಿದ್ದಾರೆ. ಆದರೂ ಯಾರೂ ಯಾರ ಮನೆಗೂ ಮುಟ್ಟುವುದಿಲ್ಲ.

ಅವನನ್ನು ಬೀಳಿಸುವ ಒಂದು ದಾರಿ, ಕೇಳಿ ಕೇಳಿ ಸುಸ್ತು ಮಾಡುವುದು. ಅದನ್ನು ನಾನು ಮೊದಲ ವರ್ಷವೇ ಕಂಡೆ. ಬಬಲೇಶ್ವರದ ಒಂದು ಬಟ್ಟೆ ಅಂಗಡಿಯಿಂದ, ಲೋಕದಲ್ಲಿ ಇಲ್ಲವೇ ಇಲ್ಲದ ಹೆಸರುಗಳು ಪುಂಖಾನುಪುಂಖವಾಗಿ ಬರುತ್ತಿದ್ದವು. ಇಲ್ಲದ ಹೆಸರನ್ನು ಹುಡುಕಿ ಹುಡುಕಿ ಸರ್ವರ್ ಏದುಸಿರು ಬಿಡುತ್ತಿತ್ತು. ನಾನು ಬೈಕ್ ಹತ್ತಿ ಹೋದೆ. ಬರೀ ಬಸವರಾಜನಾಗಿ ಹೋದರೆ ಯಾರು ಹೆದರುತ್ತಾರೆ? ದಿಲ್ಲಿಯಿಂದ ಬಂದ ದೊಡ್ಡ ಇಂಜಿನಿಯರನ ದನಿ ತೆಗೆದು, ಹರಕು ಹಿಂದಿಯಲ್ಲಿ ಗದರಿಸಿದೆ. ಅಂಗಡಿಯವರು ಗಾಬರಿಯಾಗಿ ಫ್ಯಾನು, ಲೈಟು, ಇಸ್ತ್ರಿ ಪೆಟ್ಟಿಗೆ ಎಲ್ಲದರ ಪ್ಲಗ್ ಕಿತ್ತರು. ಹಾವಳಿ ನಿಲ್ಲಲಿಲ್ಲ. ಉಳಿದದ್ದು ಮೂಲೆಯಲ್ಲಿದ್ದ ಕ್ಯಾಮೆರಾದ ಡಬ್ಬಿ ಒಂದೇ. ಅದಕ್ಕೆ ಬ್ಯಾಟರಿ ಇತ್ತು. ಅದನ್ನು ಕಿತ್ತಕೂಡಲೇ ಎಲ್ಲ ತಣ್ಣಗಾಯಿತು. ಡಬ್ಬಿಯ ಪಾಸ್‌ವರ್ಡ್ ಯಾರೂ ಬದಲಿಸಿರಲಿಲ್ಲ. ದೂರದಿಂದ ಯಾರೋ ಒಳಹೊಕ್ಕು ಅದನ್ನು ಆಳಾಗಿ ಮಾಡಿಕೊಂಡಿದ್ದರು. ಅಂಗಡಿಯವರು ನನ್ನ ಮುಖ ನೋಡಿ ಕೇಳಿದರು: “ಅಂಗಡಿ ಕಾಯಾಕ ಇಟ್ಟ ಡಬ್ಬೀನ ಕಳ್ಳರ ಕಡೆ ಸೇರ್ಕೊಂಡಿತ್ತೇನ್ರಿ? ಮತ್ತ ನೀವ್ಯಾಕ್ರಿ ನಮ್ಮ ಹಿಂದಿ ಮಾಸ್ತರ ಬೈದಂಗ ಬೈದ್ರಿ?”

ಆ ಹಾವಳಿಯಲ್ಲಿ ಸರ್ವರ್ ನಾಲ್ಕಾರು ಸಲ ಬಿದ್ದಿತ್ತು. ನಾನು ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ: ಸರ್ವರ್ ಬಿದ್ದರೆ ತಕ್ಷಣ ಎಬ್ಬಿಸು, ಯಾರಿಗೂ ಹೇಳಬೇಡ. ಹನ್ನೆರಡೇ ಸಾಲು! ಅದನ್ನು ಬರೆದ ದಿನ ನಾನು ನಡೆದ ನಡಿಗೆ ನೀವು ನೋಡಬೇಕಿತ್ತು. ಚಪ್ಪಲಿ ಅಂಗಡಿಯವನೇ, “ಏನಪಾ, ಲಗ್ನ ಗೊತ್ತಾತೇನು?” ಅಂತ ಕೇಳಿದ. ವರ್ಷಗಟ್ಟಲೆ ಆ ಸ್ಕ್ರಿಪ್ಟಿನ ಮೇಲೆ ನಾನು ನಿಶ್ಚಿಂತೆಯಿಂದ ಬದುಕಿದೆ. ‘ಯಾರಿಗೂ ಹೇಳಬೇಡ’ ಅಂತ ಬರೆದದ್ದು ಎಂಥ ಮೂರ್ಖತನ ಅಂತ ತಿಳಿಯಲು ಆ ಸೋಮವಾರ ಬರಬೇಕಾಯಿತು.

ಸೋಮವಾರ ಮುಂಜಾನೆ ಸಾಫ್ಟ್‌ವೇರ್ ಮಾಡಿದವರಿಂದ ಎಚ್ಚರಿಕೆಯ ಮೇಲ್ ಬಂತು. ಪಾನಂಗಡಿಯವನನ್ನು ಬೀಳಿಸುವ ಎರಡನೆಯ ದಾರಿ ಇದು: ಸುಸ್ತು ಮಾಡುವುದೇ ಬೇಡ, ಒಂದೇ ಒಂದು ವಕ್ರ ಉತ್ತರ ಸಾಕು. ಕಿಡಿಗೇಡಿ ತನ್ನದೇ ಒಂದು ಹೆಸರು ಇಟ್ಟುಕೊಂಡಿರುತ್ತಾನೆ. ಆ ಹೆಸರನ್ನು ನಮ್ಮ ಸರ್ವರ್ ಹುಡುಕಿಕೊಂಡು ಹೋದರೆ, ಬೇಕೆಂದೇ ತಿರುಚಿದ ಉತ್ತರ ಕೊಟ್ಟು ಕಳಿಸುತ್ತಾನೆ. ಸಾಫ್ಟ್‌ವೇರ್ ಬರೆದವರು ಪ್ರಾಮಾಣಿಕರು. ‘ಆಗಲಾರದ್ದು ಆಯಿತೆಂದರೆ ನನ್ನ ತಲೆ ಕೆಟ್ಟಿರಬೇಕು, ತಪ್ಪು ವಿಳಾಸ ಹೇಳುವುದಕ್ಕಿಂತ ಬಾಯಿ ಮುಚ್ಚುವುದು ಮೇಲು’ ಅಂತ ಅದಕ್ಕೆ ಕಲಿಸಿರುತ್ತಾರೆ. ತಿರುಚಿದ ಉತ್ತರ ಕಂಡದ್ದೇ ಸರ್ವರ್ ತಾನಾಗಿ ನಿಂತುಬಿಡುತ್ತದೆ. ಏನೂ ಕಳವಾಗಲಿಲ್ಲ, ಯಾವ ಬಾಗಿಲೂ ಮುರಿಯಲಿಲ್ಲ. ಸುಳ್ಳು ಹೇಳಲೊಲ್ಲದ ಒಬ್ಬನನ್ನು ಅವನ ಸ್ವಭಾವದಿಂದಲೇ ಬೀಳಿಸಿದರು, ಅಷ್ಟೇ. ಓದಿದಾಗ ನನಗೆ ರೋಮಾಂಚನವೇ ಆಯಿತು. ಆಪಾಗೆ ಆಗಲಿಲ್ಲ.

“ಬಸ್ಯಾ, ಇದನ್ನ ಓದಿದೇನು?”

“ಓದೇನ್ರಿ ಆಪಾ. ಬಿದ್ರ ನಮ್ಮ ಸ್ಕ್ರಿಪ್ಟ್ ಎಬ್ಬಸ್ತೈತಲ್ರಿ.”

“ಮತ್ತ ಬಡದ್ರ?”

“ಮತ್ತ ಎಬ್ಬಸ್ತೈತಿ.”

“ದಿನಾ ಬಡಿಸ್ಕೊಂಡು ಏಳೂದ ಕೆಲಸ ಏನು ಅದಕ್ಕ? ಇದನ್ನ ತಿದ್ದಿದ ಹೊಸಾದು ಬಂದೈತಿ, ಇವತ್ತ ಹಾಕೂಣು. ಸಾಹುಕಾರ್ರು ಹೂಂ ಅಂದಾರ. ಮೂರು ಗಂಟೆಕ್ಕ ಇಲ್ಲಿಂದು ನಾ ಮಾಡ್ತೀನಿ. ನೀ ಬಬಲೇಶ್ವರದಾಗ ಇರು. ಆ ಮುದಿ ಮಷೀನ್ ಒಮ್ಮೊಮ್ಮೆ ಗುಂಡಿ ಒತ್ತದ ಏಳೂದಿಲ್ಲ.”

ಆಪಾ ಆಗಲೇ ಹೊಸ ಸಾಫ್ಟ್‌ವೇರ್ ಇಳಿಸಿ ಪೆನ್‌ಡ್ರೈವಿನಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ ಇಟ್ಟಿದ್ದರು. ಹದಿನಾಲ್ಕು ವರ್ಷದಿಂದ ಅವರ ಕೆಲಸ ಹಾಗೆಯೇ. ಗಂಡ ಟೇಲರ್, ಕಣ್ಣು ಮಂಜಾಗಿ ಹೊಲಿಗೆ ನಿಂತು ಹೋಗಿತ್ತು. ಮನೆ ನಡೆಯುತ್ತಿದ್ದದ್ದು ಈ ಕೆಲಸದ ಮೇಲೆ. ಅದನ್ನು ಅವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ನಮಗೆ ಗೊತ್ತಿತ್ತು.

ನನ್ನ ಸಮಸ್ಯೆ ಬೇರೆ. ಅದೇ ಮೂರು ಗಂಟೆಗೆ ಬಿಜ್ಜರಗಿಯಲ್ಲಿ ಒಂದು ಮದುವೆ ಮನೆ. ಅರಿಶಿಣದ ಕಾರ್ಯಕ್ರಮಕ್ಕೆ ನನ್ನ ದನಿ ತಮಾಷೆ. ಒಪ್ಪಿಕೊಂಡುಬಿಟ್ಟಿದ್ದೆ! ಬಬಲೇಶ್ವರ ಒಂದು ದಿಕ್ಕು, ಬಿಜ್ಜರಗಿ ಇನ್ನೊಂದು. ಡ್ಯೂಟಿ ಬಿಟ್ಟು ಮೈಕು ಹಿಡಿದರೆ ಮೈಕಿನ ಜೊತೆಗೇ ಮನೆಗೆ ಕಳಿಸುತ್ತೇನೆ ಅಂತ ಸಾಹುಕಾರರು ಹಿಂದಿನ ತಿಂಗಳಷ್ಟೇ ಹೇಳಿದ್ದರು. ಎರಡೂವರೆಗೆ ತಿಕೋಟಾದ ಹೊರಗೆ ಬೈಕು ನಿಲ್ಲಿಸಿ, ಬೇವಿನ ಗಿಡದ ನೆರಳಿನಲ್ಲಿ ನಿಂತು, ಗಂಟಲು ಸರಿ ಮಾಡಿಕೊಂಡು ಆಫೀಸಿನ ಆ ಹಳೆಯ ಫೋನಿಗೆ ಕರೆ ಮಾಡಿದೆ.

“ಹ್ಞಾಂ, ಕೇಳಿಲ್ಲೆ ತಂಗೀ. ಇವತ್ತ ಲೈನ್ ಬಂದ್ ಮಾಡಬ್ಯಾಡ. ಮದುವಿ ದಿನಾ ಅದಾವು, ಮಂದಿ ಬೈತಾರ. ಎರಡೂ ಶುಕ್ರವಾರ ಮಾಡೂಣು.”

“ಸಾಹುಕಾರ್ರ, ಇದು ತಡಾ ಮಾಡೂ ಕೆಲಸ ಅಲ್ರಿ. ಬರೇ ಎರಡ ನಿಮಿಷ…”

“ತಂಗೀ, ಮಾಲಕ ನಾನೋ ನೀನೋ?”

“ಆತ್ರಿ,” ಅಂದರು ಆಪಾ.

ಆ ‘ಆತ್ರಿ’ ಕೇಳಿ, ಮತ್ತೆ ಫೋನ್ ಮಾಡಿ ನಿಜ ಹೇಳಿಬಿಡೋಣ ಅನ್ನಿಸಿತು. ಆದರೆ ಬೈಕಿನ ಮುಖ ಬಿಜ್ಜರಗಿಗೆ ತಿರುಗಿತ್ತು. ಹೇಳಬೇಕೆಂದರೆ ಆ ದಿನದ ತಮಾಷೆ ಅದ್ಭುತವಾಗಿ ಆಯಿತು. ಕುರಿ ದನಿ ತೆಗೆದಾಗ ಹೊರಗೆ ಕಟ್ಟಿದ ಕುರಿ ಉತ್ತರ ಕೊಟ್ಟಿತು. ಇಷ್ಟು ಪ್ರಾಮಾಣಿಕ ಪ್ರೇಕ್ಷಕರು ನನಗೆ ಮತ್ತೆಂದೂ ಸಿಕ್ಕಿಲ್ಲ.

ನಾನು ಚಪ್ಪಾಳೆ ತಿನ್ನುತ್ತಿದ್ದ ಅದೇ ಸಂಜೆ ನಮ್ಮ ಸರ್ವರ್ ಮೊದಲ ಪೆಟ್ಟು ತಿಂದಿತು. ಬಿತ್ತು; ಸ್ಕ್ರಿಪ್ಟ್ ಎಬ್ಬಿಸಿತು; ಯಾರಿಗೂ ಹೇಳಲಿಲ್ಲ. ಮತ್ತೆ ಬಿತ್ತು, ಮತ್ತೆ ಎಬ್ಬಿಸಿತು. ಬೆಳಗಾಗುವುದರೊಳಗೆ ಊರೂರಿನ ಹಾಳಾದ ಕ್ಯಾಮೆರಾ ಡಬ್ಬಿಗಳೆಲ್ಲ ಆ ಕಿಡಿಗೇಡಿ ಇಟ್ಟುಕೊಂಡ ಹೆಸರನ್ನೇ ಸರ್ವರಿನ ಮುಂದೆ ಜಪಿಸತೊಡಗಿದ್ದವು. ಸರ್ವರ್ ಎದ್ದು ಕಣ್ಣು ತಿಕ್ಕಿಕೊಳ್ಳುವುದರೊಳಗೆ ಮತ್ತೆ ನೆಲಕ್ಕೆ. ಒಂದು ಬಿದ್ದರೆ ಇನ್ನೊಂದು ಇದೆಯಲ್ಲ ಅಂದುಕೊಂಡಿರಾ? ಎರಡರಲ್ಲೂ ಅದೇ ಸಾಫ್ಟ್‌ವೇರ್, ಅದೇ ಹಳೆಯ ಆವೃತ್ತಿ. ಅವಳಿ ಅಣ್ಣತಮ್ಮಂದಿರು ಒಂದೇ ತಟ್ಟೆಯ ಹಳಸಿದ ಅನ್ನ ಉಂಡ ಹಾಗೆ ಜೋಡಿಯಾಗಿ ಮಲಗಿದ್ದವು.

ಮಂಗಳವಾರ ಒಂಬತ್ತಕ್ಕೆ ಫೋನುಗಳು ಶುರುವಾದವು. ತಿಕೋಟಾದಿಂದ, ಘೋಣಸಗಿಯಿಂದ, ಬಬಲೇಶ್ವರದಿಂದ. ನಾನು ಮೂರೂ ವಿಭಾಗದ ದನಿ ಬಳಸಿ ಮುಗಿಸಿ, ನಾಲ್ಕನೆಯದು ಹೊಳೆಯದೆ ಬಬಲೇಶ್ವರದ ಟವರ್ ಕೋಣೆಗೆ ಓಡಿದೆ. ಅಲ್ಲಿಂದ ಆಪಾರ ಮೊಬೈಲಿಗೆ ಕರೆ ಮಾಡಿದೆ. ಅವರು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟು ಕೀಬೋರ್ಡಿಗೆ ಕೈ ಹಾಕಿದ್ದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸಾಹುಕಾರರ ಹೆಜ್ಜೆ. ಮುಂದಿನದೆಲ್ಲ ನನಗೆ ಕೇಳಿಸಿತು.

“ತಂಗೀ, ನಿನ್ನೀನ ಮಾಡ್ತೀನಿ ಅಂದಿದ್ದೆಲ್ಲ? ಯಾಕ ಮಾಡ್ಲಿಲ್ಲ?”

“ನೀವ ಫೋನ್ ಮಾಡಿ ಬ್ಯಾಡ ಅಂದ್ರಲ್ರಿ.”

“ನಾನು? ಯಾವಾಗ?”

“ಎರಡೂವರಿಗೆ.”

“ಎರಡೂವರಿಗೆ ನಾ ಉಂಡು ಮಲಗಿದ್ದೆ! ತಪ್ಪಾಗಿದ್ರ ಆಗೇದ ಅನ್ನು. ನನ್ನ ಮ್ಯಾಲೆ ಹಾಕಬ್ಯಾಡ.”

“ಹದಿನಾಲ್ಕು ವರ್ಷದಾಗ ನಾ ನಿಮಗ ಒಂದ್ ಸುಳ್ಳ ಹೇಳಿದ್ದು ತೋರಸ್ರಿ.”

“ಅಂದ್ರ ನಾ ಹೇಳಾಕತ್ತೇನಿ? ಇಷ್ಟ ಮಂದಿ ಬೈಯಾಕತ್ತಾರ, ಮ್ಯಾಲೆ ನೀ ನನ್ನ ಸುಳ್ಳ ಮಾಡಾಕತ್ತಿ! ಲೈನ್ ಚಾಲೂ ಮಾಡು. ಮಾಡಿ, ಕೀಲಿಕೈ ಮೇಜಿನ ಮ್ಯಾಲಿಟ್ಟು ಹೋಗು. ನಾಳಿಂದ ಬರಬ್ಯಾಡ.”

ನಾನು ಬಾಯಿ ತೆರೆದೆ. ಸದ್ದು ಬರಲಿಲ್ಲ. ಊರಿನವರೆಲ್ಲರ ದನಿ ಇರುವ ಗಂಟಲು. ನನ್ನದೊಂದು ಬೇಕಾದಾಗ ಇರಲಿಲ್ಲ. ಒಂದು ಮಾತು ಹೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಹೆದರಿದೆ. ಹುಡುಗರೇ, ಈ ಸಾಲನ್ನು ಎರಡು ಸಲ ಓದಿ.

ಆಪಾ ಅಳಲಿಲ್ಲ, ಕೂಗಲಿಲ್ಲ. “ಬಸ್ಯಾ, ಅದೀಯೇನು?” ಅಂದರು.

“ಅದೇನ್ರಿ.”

“ದನಿ ಯಾಕ ಸಣ್ಣ ಆಗೇದ? ಮದಲ ನಿನ್ನ ಸ್ಕ್ರಿಪ್ಟ್ ಬಂದ್ ಮಾಡು. ಬಿದ್ದಾಂವನ್ನ ಒಂದೀಟು ಬಿದ್ದಿರಾಕ ಬಿಡು. ಎಬ್ಬಿಸಿ ಎಬ್ಬಿಸಿ ಕೊಲ್ಲಾಕತ್ತೀವಿ.”

ಸ್ಕ್ರಿಪ್ಟ್ ನಿಲ್ಲಿಸಿದೆ. ಹೊಸ ಸಾಫ್ಟ್‌ವೇರನ್ನು ಆಗ ಇಳಿಸಿಕೊಳ್ಳಲು ಹೋಗಿದ್ದರೆ ಮುಗಿದೇ ಹೋಗುತ್ತಿತ್ತು. ಅದನ್ನು ತರಬೇಕಾದ ಜಾಗದ ನಂಬರು ಹೇಳಬೇಕಾದವನೇ ಮೂರ್ಛೆ ಹೋಗಿದ್ದನಲ್ಲ! ಆಪಾರ ಪೆನ್‌ಡ್ರೈವ್ ಇತ್ತು. ವಿಜಯಪುರದ್ದನ್ನು ತಾವು ಸರಿ ಮಾಡಿದರು. ಅಲ್ಲಿಂದ ನೇರ ನಂಬರು ಹಿಡಿದು ಬಬಲೇಶ್ವರಕ್ಕೆ ಕಳಿಸಿದರು. ನಾನು ಮುದಿ ಮಷೀನಿನ ಗುಂಡಿ ಒತ್ತಿದೆ. ಎದ್ದಿತು! ಒಂದು ನಿಮಿಷ, ಎರಡು ನಿಮಿಷ. ಕಿಡಿಗೇಡಿಯ ವಕ್ರ ಉತ್ತರ ಬಂತು. ಸರ್ವರ್ ಅದನ್ನು ಕಸದ ಬುಟ್ಟಿಗೆ ಹಾಕಿ ಮುಂದಿನ ಗಿರಾಕಿಯ ಕಡೆ ತಿರುಗಿತು. ನಾನು ಟವರ್ ಕೋಣೆಯಲ್ಲಿ ಒಬ್ಬನೇ ಕುಣಿದೆ. ಆಮೇಲೆ, ಲೈನ್ ಚಾಲೂ ಆಯಿತು ಅಂದರೆ ಆಪಾ ಕೀಲಿಕೈ ಮೇಜಿನ ಮೇಲಿಟ್ಟು ಹೋಗಬೇಕು ಅನ್ನುವುದು ನೆನಪಾಯಿತು. ಕುಣಿತ ಅರ್ಧಕ್ಕೇ ನಿಂತಿತು.

ಈಗ ನೀವು ಪಾಲಿಸುವ ನಿಯಮಗಳೆಲ್ಲ ಆ ದಿನದ ಮಕ್ಕಳು. ಎರಡು ಸರ್ವರಿಗೆ ಎರಡು ಬೇರೆ ಸಾಫ್ಟ್‌ವೇರ್. ಒಂದಕ್ಕೆ ತಾಗಿದ ರೋಗ ಇನ್ನೊಂದಕ್ಕೆ ತಾಗಬಾರದು. ಎಚ್ಚರಿಕೆ ಬಂದ ದಿನವೇ ಹೊಸ ಆವೃತ್ತಿ. ಸ್ಕ್ರಿಪ್ಟ್ ಈಗಲೂ ಎಬ್ಬಿಸುತ್ತದೆ, ಆದರೆ ಮೊದಲು ಎಲ್ಲರ ಫೋನಿಗೂ ಒದರುತ್ತದೆ. ಮತ್ತು ಆ ಕೆಂಪು ರಜಿಸ್ಟರ್. ಸಾಹುಕಾರರ ಸಹಿ ಇಲ್ಲದೆ ಯಾವ ಹುಕುಮಿಗೂ ಬೆಲೆ ಇಲ್ಲ.

ಬಬಲೇಶ್ವರದಿಂದ ವಿಜಯಪುರಕ್ಕೆ ನಾನು ಅಷ್ಟು ಜೋರಾಗಿ ಎಂದೂ ಬೈಕು ಓಡಿಸಿಲ್ಲ. ಮೆಟ್ಟಿಲು ಹತ್ತಿದಾಗ ಆಪಾ ತಮ್ಮ ಡಬ್ಬಿ, ಕನ್ನಡಕದ ಪೆಟ್ಟಿಗೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಕೀಲಿಕೈ ಮೇಜಿನ ಮೇಲಿತ್ತು. ಸಾಹುಕಾರರು ಕಿಟಕಿಯ ಹೊರಗೆ ನೋಡುತ್ತಿದ್ದರು. ಒಂದೇ ಉಸಿರಿಗೆ ಹೇಳಿಬಿಟ್ಟೆ: “ಸಾಹುಕಾರ್ರ, ನಿನ್ನಿ ಫೋನ್ ಮಾಡಿದಾಂವ ನಾನ್ರಿ. ನಿಮ್ಮ ದನಿ ತಗದು ಮಾಡಿದೆ. ಬಿಜ್ಜರಗ್ಯಾಗ ಪ್ರೋಗ್ರಾಮ್ ಇತ್ರಿ. ಆಪಾರದು ಏನೂ ತಪ್ಪಿಲ್ರಿ.”

ಆಪಾ ಚೀಲ ಕೆಳಗಿಟ್ಟು ನನ್ನನ್ನು ನೋಡಿದರು. ಆ ನೋಟವನ್ನು ಬರೆಯುವುದಿಲ್ಲ. ನನ್ನ ಹತ್ತಿರವೇ ಇರಲಿ.

ಸಾಹುಕಾರರು ನಂಬಲಿಲ್ಲ! “ಆಕೀನ್ನ ಉಳಸಾಕ ನಾಟಕ ಮಾಡಾಕ ಬಂದೀಯೇನು? ನಂದು ದನಿ ತಗಿಯಾಂವ ಇನ್ನೂ ಹುಟ್ಟಿಲ್ಲ.”

“ಹುಟ್ಟಿ ಮೂವತ್ತೊಂದು ವರ್ಷಾತ್ರಿ. ಕೇಳ್ರಿ,” ಅಂದು, ಅವರ ಎದುರೇ, ಎಂದೂ ಮಾಡದ ಧೈರ್ಯ ಮಾಡಿ ದನಿ ತೆಗೆದೆ: “ಹ್ಞಾಂ, ಕೇಳಿಲ್ಲೆ ತಂಗೀ.”

ಆಪಾ ಸರಕ್ಕನೆ ಗೋಡೆಯ ಕಡೆ ತಿರುಗಿದರು, ಭುಜ ಕುಲುಕುತ್ತಿತ್ತು. ಸಾಹುಕಾರರು ಮಾತ್ರ ಗಂಭೀರ. “ಇದು ನನ್ನ ದನಿ? ಇದು ಕೆಮ್ಮು ಹತ್ತಿದ ಎಮ್ಮಿ ದನಿ! ಇದಕ್ಕ ಯಾರ್ ಮೋಸ ಹೋಗ್ತಾರ?”

ತಮ್ಮ ದನಿ ತಮಗೇ ಗುರುತು ಸಿಗದವರಿಗೆ ಏನು ಹೇಳುವುದು? ಆಪಾ ಕಣ್ಣೊರೆಸಿಕೊಂಡು ಈ ಕಡೆ ತಿರುಗಿದರು. “ಮನಿಗೆ ಫೋನ್ ಹಚ್ಚ್ರಿ ಸಾಹುಕಾರ್ರ. ನಿಮ್ಮ ದನಿ ಅಕ್ಕಾರಿಗಿಂತ ಯಾರಿಗೆ ಗೊತ್ತೈತಿ? ಇಂವ ಮಾತಾಡ್ಲಿ. ಅಕ್ಕಾರು ಕಳ್ಳ ದನಿ ಅಂತ ಹಿಡದ್ರ ನಾ ಸುಮ್ಮನ ಹೋಗ್ತೀನಿ.”

“ಇಪ್ಪತ್ತೆಂಟ್ ವರ್ಷದ ಸಂಸಾರ. ಮದಲನೇ ಮಾತಿಗೆ ಹಿಡಿತಾಳ,” ಅಂದರು ಸಾಹುಕಾರರು. ತಾವೇ ನಂಬರು ಒತ್ತಿ, ಸ್ಪೀಕರ್ ಹಾಕಿ, ಎದೆ ಉಬ್ಬಿಸಿ ಫೋನನ್ನು ನನ್ನ ಬಾಯಿಯ ಮುಂದೆ ಹಿಡಿದರು.

“ಹೇಳ್ರಿ,” ಅಂತ ಅಕ್ಕಾರ, ಅಂದರೆ ಸಾಹುಕಾರರ ಹೆಂಡತಿಯ, ದನಿ ಬಂತು.

“ಹ್ಞಾಂ, ಕೇಳಿಲ್ಲೆ. ಊಟಕ್ಕ ತಡಾ ಆಗ್ತೈತಿ.”

“ಯಾಕ, ಇವತ್ತ್ಯಾರ ಮ್ಯಾಲೆ ಒದರಾಕತ್ತೀರಿ?”

ಸಾಹುಕಾರರ ಎದೆ ಒಂದು ಗೇಣು ಒಳಗೆ ಹೋಯಿತು. ಏನೋ ಹೇಳಲು ಬಾಯಿ ತೆರೆದರು. ಆಪಾ ತುಟಿಯ ಮೇಲೆ ಬೆರಳಿಟ್ಟು ಅವರನ್ನು ಸುಮ್ಮನಿರಿಸಿದರು. ನಾನು ಮುಂದುವರಿಸಿದೆ: “ರಜಿಯಾನ್ನ ಕೆಲಸದಿಂದ ತಗದೇನಿ. ನಾಳಿಂದ ಬರಬ್ಯಾಡ ಅಂದೇನಿ.”

ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೆಯಿತು. ಆಮೇಲೆ ಅಕ್ಕಾರು ಅಂದರು:

“ಆಕೀನ್ನ ತಗದು ಆ ಮಷೀನ್ ಯಾರ್ ನೋಡಾವ್ರು, ನೀವೇನು? ಮನ್ಯಾಗ ಟೀವಿ ಹಚ್ಚಬೇಕಂದ್ರ ನನ್ನ ಕರೀತೀರಿ! ಆಕೀಗಿ ಬಾ ಅಂತ ಹೇಳಿನ ಊಟಕ್ಕ ಬರ್ರಿ. ಇಲ್ಲಂದ್ರ ಅಲ್ಲೇ ಆ ಮಷೀನ್ ಮುಂದ ಕುಂತು, ರೊಟ್ಟಿ ಕೊಡು ಅಂತ ಅದನ್ನ ಕೇಳ್ರಿ.”